ಕೆಮಿಸ್ಟ್ರಿ ಮೇಷ್ಟ್ರು ಬರೆದ ಹದಿಹರೆಯ: ಪಾಲ್ ಜಿಂಡೆಲ್ ಬದುಕು, ಬರಹ

ಶಾಲೆಯ ಲೈಬ್ರರಿಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕೂತು ಟೈಪ್ ಮಾಡುತ್ತಿದ್ದಾರೆ. ಯಾವುದೋ ಪುಸ್ತಕದ ಬಗ್ಗೆ ಪ್ರಬಂಧ ಬರೆಯುತ್ತಿರಬೇಕು ಎಂದುಕೊಂಡು ಲೈಬ್ರರಿ ಮೇಡಂ ಸುಮ್ಮನಿದ್ದಾರೆ. ಇವರು ಬರೆಯುತ್ತಿರುವುದು ಒಂದು ಸಾವಿನ ಕಥೆ. ಅವರಿಗೆ ಪ್ರೀತಿಪಾತ್ರನಾಗಿದ್ದ ಮುದುಕನೊಬ್ಬ ಸತ್ತಿದ್ದಾನೆ. ಆ ಸಾವಿನಲ್ಲಿ ತಮ್ಮ ಪಾಲೆಷ್ಟು ಅನ್ನುವುದು ಇಬ್ಬರಿಗೂ ಗೊತ್ತಾಗಬೇಕಿದೆ. ಒಂದು ಅಧ್ಯಾಯ ಅವನು ಹೇಳುತ್ತಾನೆ, ಮುಂದಿನದು ಅವಳು. ಹುಡುಗನಿಗೆ ಬೈಗುಳ ಚಟ. ಬರವಣಿಗೆಯಲ್ಲಿ ಅದನ್ನೆಲ್ಲ ಹಾಗೇ ಹಾಕುವಂತಿಲ್ಲವಲ್ಲ, ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾನೆ: ಸಾಧಾರಣ ಬೈಗುಳ ಬಂದ ಕಡೆ @#$% ಎಂದು ಹಾಕುವುದು, ತೀರಾ ಕೆಟ್ಟದ್ದಾದರೆ ಅದರ ಮೊದಲಿಗೆ ಒಂದು 3 ಸೇರಿಸುವುದು.

ಇದು 1968ರಲ್ಲಿ ನ್ಯೂಯಾರ್ಕಿನಿಂದ ಬಂದ 'ದಿ ಪಿಗ್‌ಮ್ಯಾನ್' ಕಾದಂಬರಿ. ಬರೆದವರು ಪಾಲ್ ಜಿಂಡೆಲ್. ಆಗ ಅವರು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ, ಫಿಸಿಕ್ಸ್ ಕಲಿಸುವ ಮೇಷ್ಟ್ರು, ಬಿಡುವಿನಲ್ಲಿ ನಾಟಕಕಾರ. ಮೂರು ವರ್ಷದ ನಂತರ, 1971ರಲ್ಲಿ, ಅದೇ ಮೇಷ್ಟ್ರಿಗೆ ನಾಟಕಕ್ಕಾಗಿ ಪುಲಿಟ್ಜರ್ ಪ್ರಶಸ್ತಿ ಬಂತು. ಹದಿಹರೆಯದವರ ಕಾದಂಬರಿಕಾರ ಮತ್ತು ರಂಗಭೂಮಿಯ ನಾಟಕಕಾರ ಎಂಬ ಎರಡು ಹೆಸರು ಒಬ್ಬರಿಗೇ ಅಂಟುವುದು ಅಪರೂಪ. ಈ ಎರಡೂ ಕೆಲಸ ಅವರಲ್ಲಿ ಬೇರೆಬೇರೆಯಾಗಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾಟಕ ಬರೆದು ಪಳಗಿದ ಕೈ ಆದ್ದರಿಂದಲೇ ಅವರು ಆ ಕಾದಂಬರಿಯನ್ನು ಹಾಗೆ ಬರೆದರು. ಅದು ಹೇಗೆ ಅನ್ನುವುದನ್ನು ಬಿಡಿಸಿ ಹೇಳಬೇಕೆಂದೇ ಈ ಬರಹ.

ಮೊದಲು 'ಯಂಗ್ ಅಡಲ್ಟ್' ಎಂಬ ಮಾತಿನ ಅರ್ಥ ಸ್ಪಷ್ಟವಾಗಬೇಕು. ಇಂಗ್ಲಿಷ್ ಪುಸ್ತಕದಂಗಡಿಗೆ ಹೋದರೆ ಈ ಹೆಸರಿನ ಇಡೀ ಗೋಡೆಯೇ ಕಾಣುತ್ತದೆ. ಮಾತಿನ ನೇರ ಅರ್ಥ ಹಿಡಿದು 'ತರುಣರ ಸಾಹಿತ್ಯ' ಎಂದುಕೊಂಡರೆ ದಾರಿ ತಪ್ಪುತ್ತದೆ. ಸುಮಾರು 12ರಿಂದ 18 ವರ್ಷದವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಅದು. ನಮ್ಮಲ್ಲಿ ಮಕ್ಕಳ ಸಾಹಿತ್ಯವಿದೆ, ಅದಕ್ಕೊಂದು ಹೆಮ್ಮೆಯ ಪರಂಪರೆಯೂ ಇದೆ. ಅದು ಮುಗಿದ ಮೇಲೆ ನೇರವಾಗಿ ದೊಡ್ಡವರ ಕಾದಂಬರಿ. ನಾನೂ ಹಾಗೇ ಹಾರಿದವನು. ಏಳನೇ ಕ್ಲಾಸಿನವರೆಗೆ ಚಿತ್ರಕಥೆ, ಎಂಟನೇ ಕ್ಲಾಸಿನಿಂದ ಅಮ್ಮನ ತಲೆದಿಂಬಿನ ಪಕ್ಕದ ಕಾದಂಬರಿ. ನಡುವೆ ನನ್ನ ವಯಸ್ಸಿನ, ನನ್ನ ಥರ ಮಾತಾಡುವ ಯಾರೂ ಪುಸ್ತಕದಲ್ಲಿ ಸಿಗಲಿಲ್ಲ. ಅಮೆರಿಕದಲ್ಲೂ ಬಹುಕಾಲ ಇದೇ ಕಥೆ. ಲೈಬ್ರರಿಗಳವರಿಗೆ ಈ ನಡುವಿನ ಓದುಗರು ಮೊದಲೇ ಕಣ್ಣಿಗೆ ಬಿದ್ದಿದ್ದರು. ಅಮೆರಿಕನ್ ಲೈಬ್ರರಿ ಅಸೋಸಿಯೇಶನ್ 1957ರಲ್ಲೇ ಅವರಿಗೆಂದು ಪ್ರತ್ಯೇಕ ವಿಭಾಗ ತೆರೆದಿತ್ತು. ಕಪಾಟು ಸಿದ್ಧವಾಯಿತು, ಅದರಲ್ಲಿ ಇಡಲು ತಕ್ಕ ಪುಸ್ತಕಗಳೇ ಕಡಿಮೆ. ಇದ್ದವುಗಳಲ್ಲಿ ಬಹುಪಾಲು ಮೊದಲ ಪ್ರೇಮ, ಕಾರು, ಆಟೋಟದ ಗೆಲುವು ಇಂಥವೇ. ಕೊನೆಯ ಪುಟದ ಹೊತ್ತಿಗೆ ಯಾರೋ ಹಿರಿಯರು ಬಂದು ಬುದ್ಧಿ ಹೇಳಿ ಎಲ್ಲವನ್ನೂ ಸರಿಮಾಡಿರುತ್ತಿದ್ದರು. 1967ರಲ್ಲಿ ಎಸ್. ಇ. ಹಿಂಟನ್ ಎಂಬ ಹದಿಹರೆಯದ ಹುಡುಗಿಯೇ ಬರೆದ 'ದಿ ಔಟ್‌ಸೈಡರ್ಸ್' ಬಂತು. ಮರುವರ್ಷ 'ದಿ ಪಿಗ್‌ಮ್ಯಾನ್'. ಹೊಸ ಬಗೆಯ ಹದಿಹರೆಯದ ಕಾದಂಬರಿ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಇವತ್ತಿಗೂ ಈ ಎರಡು ಹೆಸರು ಜೊತೆಯಾಗಿಯೇ ಬರುತ್ತವೆ.

ಜಿಂಡೆಲ್ ಹುಟ್ಟಿದ್ದು 1936ರ ಮೇ 15ರಂದು, ನ್ಯೂಯಾರ್ಕ್ ನಗರದ ಸ್ಟೇಟನ್ ಐಲ್ಯಾಂಡಿನಲ್ಲಿ. ನ್ಯೂಯಾರ್ಕ್ ಎಂದರೆ ಕಣ್ಣಮುಂದೆ ಬರುವ ಗಗನಚುಂಬಿಗಳು ಅಲ್ಲಿಲ್ಲ. ದೋಣಿ ಹತ್ತಿ ದಾಟಿಹೋಗಬೇಕಾದ ದ್ವೀಪ, ಆ ಕಾಲಕ್ಕೆ ಅರೆ ಹಳ್ಳಿ. ತಂದೆ ಪೊಲೀಸ್. ಮಗ ಇನ್ನೂ ಸಣ್ಣವನಿದ್ದಾಗಲೇ ಹೆಂಡತಿ ಮಕ್ಕಳನ್ನು ಬಿಟ್ಟು ಹೋದರು. ತಾಯಿ ನರ್ಸ್. ಒಬ್ಬ ಮಗಳು, ಒಬ್ಬ ಮಗ, ಕೈಯಲ್ಲಿ ಕಾಸಿಲ್ಲ. ನರ್ಸ್ ಕೆಲಸದ ಜೊತೆಗೆ ಆಕೆ ಹಿಡಿಯದ ಕಸುಬಿಲ್ಲ: ನಾಯಿ ಸಾಕಿ ಮರಿ ಮಾರಿದರು, ಹಾಟ್‌ಡಾಗ್ ಮಾರಿದರು, ಸಾಯುವ ಹಂತದ ರೋಗಿಗಳನ್ನು ಮನೆಗೇ ಕರೆತಂದು ಆರೈಕೆ ಮಾಡಿದರು. ಪ್ರತಿಸಲವೂ ಈ ಬಾರಿ ನಮ್ಮ ದೆಸೆ ತಿರುಗುತ್ತದೆ ಎಂಬ ನಂಬಿಕೆ, ಪ್ರತಿಸಲವೂ ಮತ್ತೆ ಗಂಟುಮೂಟೆ ಕಟ್ಟಿ ಬೇರೆ ಬಾಡಿಗೆ ಮನೆ. ಹೀಗೆ ಊರೂರು ಬದಲಾಯಿಸುವ ಹುಡುಗನಿಗೆ ಗೆಳೆಯರೆಲ್ಲಿಂದ ಬರಬೇಕು? ಗೊಂಬೆಯಾಟ, ಅಕ್ವೇರಿಯಂ, ತನ್ನಷ್ಟಕ್ಕೆ ಕಟ್ಟಿಕೊಂಡ ಸಣ್ಣ ಸಣ್ಣ ಲೋಕಗಳು ಅವನ ಜೊತೆಗಾರರಾದವು.

ಪಕ್ಕದ ಕೋಣೆಯಲ್ಲಿ ಅಪರಿಚಿತರೊಬ್ಬರು ಸಾಯುತ್ತಿದ್ದಾರೆ, ಈಚೆ ಕೂತು ಒಬ್ಬ ಹುಡುಗ ಹೋಂವರ್ಕ್ ಮಾಡುತ್ತಿದ್ದಾನೆ. ಈ ಚಿತ್ರವನ್ನು ಓದುಗರು ಮರೆಯಬಾರದು. ಜಿಂಡೆಲ್ ಬರಹದಲ್ಲಿ ಮುದುಕರು, ರೋಗಿಗಳು, ಸಾವು ಯಾಕಿಷ್ಟು ಸಹಜವಾಗಿ ಓಡಾಡುತ್ತವೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹದಿನೈದನೇ ವಯಸ್ಸಿಗೆ ಅವರಿಗೇ ಕ್ಷಯ ಅಂಟಿತು. ಆಗ ಕ್ಷಯಕ್ಕೆ ಔಷಧಿಗಳು ಬರತೊಡಗಿದ್ದ ಕಾಲ. ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಸಿಕ್ಕಿತ್ತು, ಐಸೋನಿಯಾಜಿಡ್ ಬಳಕೆಗೆ ಬಂದದ್ದು 1952ರಲ್ಲಿ. ಆದರೂ ರೋಗಿಯನ್ನು ಊರಿನಿಂದ ದೂರವಿಟ್ಟು, ತಿಂಗಳುಗಟ್ಟಲೆ ಮಲಗಿಸಿ, ಒಳ್ಳೆ ಗಾಳಿ, ಒಳ್ಳೆ ಊಟ ಕೊಡುವ ಸ್ಯಾನಿಟೋರಿಯಂ ಪದ್ಧತಿ ಇನ್ನೂ ನಿಂತಿರಲಿಲ್ಲ. ಸುಮಾರು ಒಂದೂವರೆ ವರ್ಷ ಹುಡುಗ ಅಂಥದೊಂದು ಕಡೆ ಇದ್ದ. ಸುತ್ತ ಇದ್ದವರೆಲ್ಲ ಹೆಚ್ಚುಕಡಿಮೆ ದೊಡ್ಡವರು. ಹದಿಹರೆಯದ ನಟ್ಟನಡುವಿನ ಹದಿನೆಂಟು ತಿಂಗಳು, ಮಾತಿಗೆ ಒಬ್ಬ ಓರಗೆಯವನಿಲ್ಲ. ದೊಡ್ಡವರ ಮಾತು ಕೇಳುವುದೇ ಕೆಲಸ. ನಾಟಕಕಾರನಿಗೆ ಬೇಕಾದ ಮೊದಲ ವಿದ್ಯೆ ಕಿವಿಯದು. ಆ ಕಿವಿ ಅಲ್ಲಿ ಪಳಗಿತು ಅನಿಸುತ್ತದೆ. ಹೈಸ್ಕೂಲಿಗೆ ಮರಳಿದ ಮೇಲೆ ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಸ್ಪರ್ಧೆಯೊಂದಕ್ಕೆ ನಾಟಕ ಬರೆದರು. ಕಾಯಿಲೆಯಿಂದ ಎದ್ದು ಬರುವ ಪಿಯಾನೋ ವಾದಕನ ಕಥೆ ಅದು. ಬಹುಮಾನವಾಗಿ ಒಂದು ಪಾರ್ಕರ್ ಪೆನ್ ಬಂತು.

ಓದಿದ್ದು ಸಾಹಿತ್ಯವನ್ನಲ್ಲ, ರಸಾಯನಶಾಸ್ತ್ರವನ್ನು. ಸ್ಟೇಟನ್ ಐಲ್ಯಾಂಡಿನ ವ್ಯಾಗ್ನರ್ ಕಾಲೇಜಿನಲ್ಲಿ 1958ರಲ್ಲಿ ಪದವಿ, 1959ರಲ್ಲಿ ಸ್ನಾತಕೋತ್ತರ ಪದವಿ. ಅದೇ ಕಾಲೇಜಿನಲ್ಲಿ ನಾಟಕಕಾರ ಎಡ್ವರ್ಡ್ ಆಲ್ಬೀ ನಾಟಕ ರಚನೆಯ ಕೋರ್ಸೊಂದನ್ನು ನಡೆಸಿದ್ದರು. ಕೆಮಿಸ್ಟ್ರಿ ವಿದ್ಯಾರ್ಥಿ ಅಲ್ಲಿ ಹೋಗಿ ಕೂತ. ಮುಂದೆ ಒಂದು ರಾಸಾಯನಿಕ ಕಂಪನಿಯಲ್ಲಿ ತಾಂತ್ರಿಕ ಬರಹಗಾರನಾಗಿ ಕೆಲವು ತಿಂಗಳು ದುಡಿದು, ಅದು ಒಗ್ಗದೆ, 1959ರಲ್ಲಿ ಟಾಟೆನ್‌ವಿಲ್ ಹೈಸ್ಕೂಲಿಗೆ ಮೇಷ್ಟ್ರಾಗಿ ಸೇರಿದರು. ಹತ್ತು ವರ್ಷ ಅಲ್ಲೇ. ಹಗಲು ಬನ್ಸನ್ ಬರ್ನರು, ಪಿರಿಯಾಡಿಕ್ ಟೇಬಲ್ಲು, ರಾತ್ರಿ ನಾಟಕ.

ಆ ರಾತ್ರಿಗಳಲ್ಲಿ ಹುಟ್ಟಿದ ನಾಟಕದ ಹೆಸರು ನಾಲಗೆಗೆ ಕಸರತ್ತು: 'ದಿ ಎಫೆಕ್ಟ್ ಆಫ್ ಗಾಮಾ ರೇಸ್ ಆನ್ ಮ್ಯಾನ್-ಇನ್-ದ-ಮೂನ್ ಮ್ಯಾರಿಗೋಲ್ಡ್ಸ್'. ಮ್ಯಾರಿಗೋಲ್ಡ್ ಎಂದರೆ ಆಯುಧಪೂಜೆಗೆ ನಾವು ಮಾರುಗಟ್ಟಲೆ ಕೊಂಡು ವಾಹನಗಳಿಗೆ ಸುತ್ತುವ ಅದೇ ಚೆಂಡುಹೂವು. ಗಾಮಾ ಕಿರಣ ತಾಗಿದ ಚೆಂಡುಹೂವು ಏನಾಗುತ್ತದೆ? ಹೆಸರೇನೋ ವಿಜ್ಞಾನ ವಸ್ತುಪ್ರದರ್ಶನದ ಚಾರ್ಟಿನ ತಲೆಬರಹದಂತಿದೆ. ಅದು ಅಕ್ಷರಶಃ ಅದೇ. ನಾಟಕದ ಹುಡುಗಿ ಟಿಲಿ ತನ್ನ ಶಾಲೆಯ ಪ್ರದರ್ಶನಕ್ಕೆ ಮಾಡಿದ ಪ್ರಯೋಗದ ಹೆಸರು ಅದು.

ಇಲ್ಲಿ ಸ್ವಲ್ಪ ವಿಜ್ಞಾನ ಬೇಕು, ಯಾಕೆಂದರೆ ನಾಟಕದ ಜೀವ ಅದರಲ್ಲಿದೆ. ಕೋಬಾಲ್ಟ್-60 ಎಂಬ ವಿಕಿರಣಶೀಲ ಧಾತು ಗಾಮಾ ಕಿರಣಗಳನ್ನು ಹೊರಸೂಸುತ್ತದೆ. ಬೀಜಗಳನ್ನು ಅದರ ಎದುರಿಟ್ಟರೆ ಕಿರಣಗಳು ಬೀಜದೊಳಗಿನ ಡಿಎನ್‌ಎಯನ್ನು ಅಲ್ಲಲ್ಲಿ ಮುರಿಯುತ್ತವೆ. ಪ್ರಮಾಣ ತೀರಾ ಕಡಿಮೆಯಿದ್ದರೆ ಗಿಡ ಎಂದಿನಂತೆಯೇ ಬೆಳೆಯುತ್ತದೆ. ತೀರಾ ಹೆಚ್ಚಾದರೆ ಕುಬ್ಜವಾಗುತ್ತದೆ, ಇಲ್ಲವೇ ಸಾಯುತ್ತದೆ. ನಡುವಿನ ಪ್ರಮಾಣದಲ್ಲಿ ವಿಚಿತ್ರಗಳು ಹುಟ್ಟುತ್ತವೆ, ಅವುಗಳಲ್ಲಿ ಕೆಲವು ಸುಂದರವೂ ಆಗಿರುತ್ತವೆ. ಇದು ಕವಿಕಲ್ಪನೆಯಲ್ಲ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1953ರಲ್ಲಿ ವಿಶ್ವಸಂಸ್ಥೆಯಲ್ಲಿ 'ಶಾಂತಿಗಾಗಿ ಅಣುಶಕ್ತಿ' ಎಂದು ಭಾಷಣ ಮಾಡಿದ ನಂತರ ವಿಕಿರಣಕ್ಕೊಡ್ಡಿದ ಬೀಜಗಳು ಅಲ್ಲಿ ಸಾಮಾನ್ಯ ಜನರ ಕೈಗೂ ಸಿಗತೊಡಗಿದ್ದವು, ಶಾಲಾ ಪ್ರದರ್ಶನಗಳಿಗೂ ಬರುತ್ತಿದ್ದವು. ನಮ್ಮ ಭಾಭಾ ಅಣು ಸಂಶೋಧನಾ ಕೇಂದ್ರವೂ ವಿಕಿರಣದ ಇದೇ ತತ್ವ ಹಿಡಿದು ಶೇಂಗಾ ತಳಿಗಳನ್ನು ಬೆಳೆಸಿದೆ. ನಮ್ಮ ಶೇಂಗಾ ಬೆಳೆಗಾರರಿಗೆ ಟಿಎಜಿ-24 ಹೊಸ ಹೆಸರೇನಲ್ಲ.

ಈಗ ಟಿಲಿಯ ಮನೆಯೊಳಗೆ ಬನ್ನಿ. ಹಿಂದೊಮ್ಮೆ ತರಕಾರಿ ಅಂಗಡಿಯಾಗಿದ್ದ, ಈಗ ಕಸ ತುಂಬಿದ ಮನೆ. ತಾಯಿ ಬಿಯಾಟ್ರಿಸ್. ಗಂಡ ಬಿಟ್ಟುಹೋದವಳು, ಒಂದಾದ ಮೇಲೊಂದು ಯೋಜನೆ ಹಾಕುವವಳು, ಎಲ್ಲದರಲ್ಲೂ ಸೋತವಳು. ದುಡ್ಡಿಗಾಗಿ ಹಣ್ಣುಹಣ್ಣು ಮುದುಕಿಯೊಬ್ಬಳನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಾಳೆ. ದೊಡ್ಡ ಮಗಳು ರೂತ್‌ಗೆ ಮೂರ್ಛೆ ರೋಗ. ಚಿಕ್ಕವಳು ಟಿಲಿ ಮಾತು ಕಮ್ಮಿ, ತಲೆ ತುಂಬ ವಿಜ್ಞಾನ. ಒಂದು ಮೊಲವಿದೆ. ತಾಯಿಗೆ ಮಗಳ ಬುದ್ಧಿಯ ಬಗ್ಗೆ ಹೆಮ್ಮೆಯೂ ಇದೆ, ಅದಕ್ಕಿಂತ ದೊಡ್ಡ ಹೊಟ್ಟೆಕಿಚ್ಚೂ ಇದೆ. ಮನಸ್ಸು ಕೆಟ್ಟ ದಿನ ಮಗಳನ್ನು ಶಾಲೆಗೇ ಕಳಿಸುವುದಿಲ್ಲ. ಮಾತಿನ ನಡುವೆ 'ಹಾಫ್ ಲೈಫ್' ಎಂಬ ಪದ ಬರುತ್ತದೆ. ವಿಕಿರಣಶೀಲ ವಸ್ತುವೊಂದು ಕ್ಷಯಿಸುತ್ತ ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಅಂದರೆ ಅರ್ಧಾಯು. ಕೋಬಾಲ್ಟ್-60ಕ್ಕೆ ಅದು ಐದು ವರ್ಷಕ್ಕೆ ತುಸು ಹೆಚ್ಚು. ಬಿಯಾಟ್ರಿಸ್ ಕೂಡಲೇ ಹೇಳುತ್ತಾಳೆ: ಅದೇನೆಂದು ನನ್ನನ್ನು ಕೇಳಿ, ಅರ್ಧ ಬದುಕಿನ ಅಸಲಿ ನಮೂನೆ ನಾನೇ ಅಲ್ಲವೇ! ಪಠ್ಯಪುಸ್ತಕದ ಒಂದು ಪದ ಒಬ್ಬ ಹೆಂಗಸಿನ ಬಾಯಲ್ಲಿ ಅವಳ ಇಡೀ ಬದುಕಾಗಿಬಿಡುತ್ತದೆ. ಕೆಮಿಸ್ಟ್ರಿ ಮೇಷ್ಟ್ರೊಬ್ಬರೇ ಬರೆಯಬಹುದಾದ ಸಾಲು ಅದು ಅನಿಸುತ್ತದೆ ನನಗೆ.

ಪ್ರದರ್ಶನದಲ್ಲಿ ಟಿಲಿ ಗೆಲ್ಲುತ್ತಾಳೆ. ಮನೆಯಲ್ಲಿ ಅದೇ ರಾತ್ರಿ ಕುಡಿದ ತಾಯಿ ಮೊಲಕ್ಕೆ ಕ್ಲೋರೋಫಾರ್ಮ್ ಕೊಟ್ಟು ಕೊಲ್ಲುತ್ತಾಳೆ, ರೂತ್ ಮೂರ್ಛೆ ಬಂದು ಬೀಳುತ್ತಾಳೆ. ಕೊನೆಗೆ ಟಿಲಿ ಒಬ್ಬಳೇ ತನ್ನ ಪ್ರಯೋಗದ ಫಲಿತಾಂಶ ಹೇಳುತ್ತಾಳೆ. ತನ್ನ ದೇಹದ ಒಂದೊಂದು ಅಣುವೂ ಎಂದೋ ಸಿಡಿದ ನಕ್ಷತ್ರದಿಂದ, ಸೂರ್ಯನಿಂದ ಬಂದದ್ದು ಎಂಬ ಬೆರಗು ಅವಳದು. ಯಾವ ಪಾತ್ರವೂ ಇದರ ಅರ್ಥ ಬಿಡಿಸಿ ಹೇಳುವುದಿಲ್ಲ. ಒಂದೇ ವಿಷಗಾಳಿಯ ಮನೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬಳು ಮುರುಟಿದಳು, ಇನ್ನೊಬ್ಬಳಲ್ಲಿ ಯಾರೂ ಕಾಣದ ಬಣ್ಣದ ಹೂ ಬಿಟ್ಟಿತು. ಅದನ್ನು ನೋಡುವವರೇ ಕೂಡಿಸಿಕೊಳ್ಳಬೇಕು.

ನಾಟಕ ಮೊದಲು ರಂಗಕ್ಕೆ ಬಂದದ್ದು 1965ರಲ್ಲಿ, ಟೆಕ್ಸಾಸಿನ ಹ್ಯೂಸ್ಟನ್ ನಗರದ ಆಲಿ ಥಿಯೇಟರಿನಲ್ಲಿ. ಮರುವರ್ಷ ಟಿವಿಗಾಗಿ ಅದನ್ನು ಮೊಟಕುಗೊಳಿಸಿ ಪ್ರಸಾರ ಮಾಡಿದರು. ನ್ಯೂಯಾರ್ಕಿಗೆ ಬರಲು 1970ರ ಏಪ್ರಿಲ್ ಆಗಬೇಕಾಯಿತು. ಬ್ರಾಡ್‌ವೇಯ ದೊಡ್ಡ ರಂಗಮಂದಿರದಲ್ಲಿ ಅಲ್ಲ, ಅದರ ಆಚೆಯ ಸಣ್ಣ ರಂಗಮಂದಿರದಲ್ಲಿ. ಬಿಯಾಟ್ರಿಸ್ ಆಗಿ ಸಾಡಾ ಥಾಂಪ್ಸನ್ ಅಭಿನಯಿಸಿದರು. ಅಲ್ಲಿಂದ ಅದು 819 ಪ್ರದರ್ಶನ ಕಂಡಿತು. ಓಬಿ ಪ್ರಶಸ್ತಿ, ನ್ಯೂಯಾರ್ಕ್ ವಿಮರ್ಶಕರ ವಲಯದ ಪ್ರಶಸ್ತಿ, ಆಮೇಲೆ ಪುಲಿಟ್ಜರ್. 1972ರಲ್ಲಿ ನಟ ಪಾಲ್ ನ್ಯೂಮನ್ ಇದನ್ನು ಸಿನಿಮಾ ಮಾಡಿ ನಿರ್ದೇಶಿಸಿದರು. ತಾಯಿಯ ಪಾತ್ರದಲ್ಲಿ ಅವರ ಹೆಂಡತಿ ಜೋನ್ ವುಡ್‌ವರ್ಡ್, ಟಿಲಿಯಾಗಿ ಅವರದೇ ಮಗಳು. ಆ ಪಾತ್ರಕ್ಕೆ ವುಡ್‌ವರ್ಡ್‌ಗೆ 1973ರ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ಕಾದಂಬರಿಯ ಕಡೆಗೆ ತಿರುವು ಸಿಕ್ಕಿದ್ದು ಆ ಟಿವಿ ಪ್ರಸಾರದಿಂದ. ಹಾರ್ಪರ್ ಅಂಡ್ ರೋ ಪ್ರಕಾಶನದ ಮಕ್ಕಳ ಪುಸ್ತಕಗಳ ಸಂಪಾದಕಿ ಶಾರ್ಲಟ್ ಜೊಲೊಟೊವ್ ಅದನ್ನು ನೋಡಿದರು. ಟಿಲಿಯನ್ನು ಬರೆದವನಿಗೆ ಹದಿಹರೆಯದವರಿಗಾಗಿ ಬರೆಯಲು ಬರುತ್ತದೆ ಎಂದು ಅವರಿಗೆ ಅನಿಸಿತು. ಬರೆಯಿರಿ ಎಂದು ಕೇಳಿದರು. ಸಾಹಿತ್ಯ ಚರಿತ್ರೆಯಲ್ಲಿ ಸಂಪಾದಕರ ಹೆಸರು ಸಣ್ಣಕ್ಷರದಲ್ಲಿ ಬರುತ್ತದೆ. ಇಲ್ಲಿ ದೊಡ್ಡಕ್ಷರದಲ್ಲೇ ಬರೆಯಬೇಕು. ದೊಡ್ಡವರ ನಾಟಕವೊಂದನ್ನು ನೋಡುತ್ತ ಅದರೊಳಗಿದ್ದ ಎಳೆಯ ಓದುಗರನ್ನು ಆಕೆ ಕಂಡರು. ಜಿಂಡೆಲ್ ತಮ್ಮ ಸುತ್ತಲಿನ ಮಕ್ಕಳು ಓದುತ್ತಿದ್ದ ಪುಸ್ತಕಗಳನ್ನು ಹೊಸದಾಗಿ ನೋಡಿದರು. ತನ್ನ ಕ್ಲಾಸಿನಲ್ಲಿ ದಿನಾ ಕಾಣುವ ಹುಡುಗರು, ಹುಡುಗಿಯರು ಅವುಗಳಲ್ಲಿ ಇರಲಿಲ್ಲ.

'ದಿ ಪಿಗ್‌ಮ್ಯಾನ್' ಕಥೆ ಸರಳ. ಜಾನ್ ಮತ್ತು ಲೊರೇನ್ ಗುರುತಿಲ್ಲದವರಿಗೆ ಫೋನ್ ಮಾಡಿ ಸತಾಯಿಸುವ ಆಟವಾಡುತ್ತಾರೆ. ಹಾಗೊಮ್ಮೆ ಆ ಕಡೆ ಫೋನ್ ಎತ್ತಿದವರು ಆಂಜೆಲೊ ಪಿನ್ಯಾಟಿ ಎಂಬ ಒಂಟಿ ಮುದುಕ. ದಾನ ಸಂಗ್ರಹಿಸುತ್ತಿದ್ದೇವೆ ಎಂದು ಸುಳ್ಳು ಹೇಳಿದರೆ ಆತ ಹತ್ತು ಡಾಲರ್ ಕೊಡುತ್ತೇನೆ ಎನ್ನುತ್ತಾನೆ. ತೆಗೆದುಕೊಳ್ಳಲು ಹೋದವರು ಅವನ ಮನೆಯಲ್ಲೇ ನೆಲೆಯೂರುತ್ತಾರೆ. ಮನೆ ತುಂಬ ಪಿಂಗಾಣಿಯ, ಗಾಜಿನ, ಮಣ್ಣಿನ ಹಂದಿ ಗೊಂಬೆಗಳು. ಹೆಂಡತಿಗಾಗಿ ಕೂಡಿಟ್ಟದ್ದು. ಹೆಂಡತಿ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಳೆ ಅನ್ನುತ್ತಾನೆ, ಅವಳು ಸತ್ತುಹೋಗಿದ್ದಾಳೆ. ಪ್ರಾಣಿಸಂಗ್ರಹಾಲಯದ ಬೋಬೋ ಎಂಬ ಬಬೂನ್ ಕೋತಿಯೊಂದೇ ಅವನ ಗೆಳೆಯ. ಮೂವರಿಗೂ ರೋಲರ್ ಸ್ಕೇಟ್ಸ್ ಕೊಳ್ಳುತ್ತಾನೆ. ಅವನಿಗೆ ಹೃದಯಾಘಾತವಾಗಿ ಆಸ್ಪತ್ರೆ ಸೇರಿದಾಗ ಇಬ್ಬರೂ ಆ ಮನೆಯಲ್ಲಿ ಪಾರ್ಟಿ ಮಾಡುತ್ತಾರೆ. ಸ್ನೇಹಿತರು ಬರುತ್ತಾರೆ, ಕುಡಿತ, ಗದ್ದಲ, ಹಂದಿ ಗೊಂಬೆಗಳು ಚೂರುಚೂರಾಗುತ್ತವೆ. ಅಷ್ಟು ಹೊತ್ತಿಗೆ ಸರಿಯಾಗಿ ಮುದುಕ ಮನೆಗೆ ಬರುತ್ತಾನೆ. ತಪ್ಪೊಪ್ಪಿಕೊಳ್ಳಲೆಂದು ಅವನನ್ನು ಪ್ರಾಣಿಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರೆ ಬೋಬೋನ ಪಂಜರ ಖಾಲಿ. ಅದು ಸತ್ತುಹೋಗಿದೆ. ಅಲ್ಲೇ ಮುದುಕನೂ ಕುಸಿದು ಸಾಯುತ್ತಾನೆ.

ಇದೇ ಕಥೆಯನ್ನು ಅಂದಿನ ವಾಡಿಕೆಯಂತೆ ಬರೆದಿದ್ದರೆ ಹೇಗಿರುತ್ತಿತ್ತು ಎಂದು ಊಹಿಸಿ. ಹಿರಿಯ ನಿರೂಪಕರೊಬ್ಬರು ಮೇಲಿನಿಂದ ಎಲ್ಲವನ್ನೂ ನೋಡುತ್ತ, ಈ ಮಕ್ಕಳು ಎಲ್ಲಿ ಎಡವಿದರು ಎಂದು ತೋರಿಸುತ್ತ ಹೋಗುತ್ತಿದ್ದರು. ಕೊನೆಗೆ ಒಬ್ಬ ಟೀಚರ್ ಬಂದು ಬೆನ್ನು ಸವರುತ್ತಿದ್ದರು. ಜಿಂಡೆಲ್‌ಗೆ ಅದು ಸಾಧ್ಯವೇ ಇರಲಿಲ್ಲ, ಯಾಕೆಂದರೆ ಅವರು ನಾಟಕಕಾರ. ನಾಟಕದಲ್ಲಿ ಲೇಖಕನಿಗೆ ಬಾಯಿಲ್ಲ. ಪಾತ್ರಗಳು ಮಾತಾಡುತ್ತವೆ, ಅಷ್ಟೆ. ಯಾರು ಸರಿ, ಯಾರು ತಪ್ಪು ಎಂದು ನೇಪಥ್ಯದಿಂದ ಬಂದು ಹೇಳುವ ಹಾಗಿಲ್ಲ. ಈ ಕಟ್ಟುಪಾಡನ್ನು ಅವರು ಕಾದಂಬರಿಗೂ ತಂದರು. ಜಾನ್ ಹೇಳಿದ್ದನ್ನು ಲೊರೇನ್ ಓದಿದ್ದಾಳೆ, ಅವಳು ಬರೆದದ್ದನ್ನು ಅವನು. ಮುಂದಿನ ಅಧ್ಯಾಯ ಶುರುವಾಗುವುದೇ ಹಿಂದಿನದಕ್ಕೆ ಉತ್ತರವಾಗಿ. ಅವನು ಉತ್ಪ್ರೇಕ್ಷೆ ಮಾಡುತ್ತಾನೆ ಅಂತ ಇವಳು, ಇವಳು ಎಲ್ಲದಕ್ಕೂ ಮನಶ್ಶಾಸ್ತ್ರ ಹಚ್ಚುತ್ತಾಳೆ ಅಂತ ಅವನು. ಒಂದೇ ಪಾರ್ಟಿ, ಒಂದೇ ಮುದುಕ, ಎರಡು ಸಾಕ್ಷಿ. ಓದುವ ಹುಡುಗನೋ ಹುಡುಗಿಯೋ ನ್ಯಾಯಾಧೀಶರ ಜಾಗದಲ್ಲಿ ಕೂರಬೇಕಾಗುತ್ತದೆ. ಹದಿನಾಲ್ಕರ ಓದುಗರನ್ನು ನಂಬಿ ಆ ಕುರ್ಚಿಯಲ್ಲಿ ಕೂರಿಸಿದ್ದು ಆ ಕಾಲಕ್ಕೆ ದೊಡ್ಡ ಸಂಗತಿ.

ಕಾದಂಬರಿಯ ನಡುವೆ ಪಿನ್ಯಾಟಿ ಇಬ್ಬರಿಗೂ ಒಂದು ಒಗಟು ಹಾಕುತ್ತಾನೆ. ಒಬ್ಬ ಹೆಂಗಸಿನ ಕೊಲೆಯಾಗುತ್ತದೆ. ಅವಳ ಗಂಡ, ಪ್ರಿಯಕರ, ದೋಣಿಯವನು, ಹೀಗೆ ಹಲವರಿದ್ದಾರೆ. ಆ ಸಾವಿಗೆ ಯಾರು ಹೆಚ್ಚು ಹೊಣೆ? ಒಬ್ಬೊಬ್ಬರನ್ನೇ ಕ್ರಮವಾಗಿ ಬರೆಯಿರಿ. ನೀವು ಬರೆದ ಕ್ರಮದಿಂದ ನಿಮಗೆ ಬದುಕಿನಲ್ಲಿ ಯಾವುದು ಮುಖ್ಯ ಅಂತ ಗೊತ್ತಾಗುತ್ತದೆ ಎನ್ನುತ್ತಾನೆ. ಮೊದಲ ಓದಿಗೆ ಇದು ಮುದುಕನ ತಮಾಷೆ. ಪುಸ್ತಕ ಮುಗಿಸಿ ಮತ್ತೆ ಆ ಪುಟಕ್ಕೆ ಬಂದರೆ ಮೈ ಜುಂ ಎನ್ನುತ್ತದೆ. ಅದೇ ಪ್ರಶ್ನೆ ಈಗ ಅವನ ಸಾವಿನ ಬಗ್ಗೆಯೇ ಎದ್ದಿದೆ. ಉತ್ತರ ಬರೆಯಬೇಕಾದವರು ಜಾನ್ ಮತ್ತು ಲೊರೇನ್. ಲೇಖಕರು ಬರೆದುಕೊಡುವುದಿಲ್ಲ.

ಲೊರೇನ್‌ಳ ತಾಯಿ ಯಾರು ಗೊತ್ತೇ? ಸಾಯುವ ರೋಗಿಗಳ ಮನೆಗೆ ಹೋಗಿ ನೋಡಿಕೊಳ್ಳುವ ನರ್ಸ್. ಗಂಡನಿಂದ ಬೇರೆಯಾದವಳು. ಗಂಡಸರನ್ನು ನಂಬಬೇಡ ಎಂದು ಮಗಳಿಗೆ ಸದಾ ಹೇಳುವವಳು. ಬಿಯಾಟ್ರಿಸ್ ಆಗಿ ರಂಗದ ಮೇಲೆ ಅಬ್ಬರಿಸಿದ ಅದೇ ಹೆಂಗಸು ಇಲ್ಲಿ ದಣಿದ ದನಿಯಲ್ಲಿ ಮಗಳ ತಲೆ ಬಾಚುತ್ತ ಗೊಣಗುತ್ತಾಳೆ. ತನ್ನ ತಾಯಿಯನ್ನು ಜಿಂಡೆಲ್ ಜೀವನವಿಡೀ ಬರೆದರು. ದ್ವೇಷದಿಂದ ಬರೆಯಲಿಲ್ಲ ಅನ್ನುವುದು ಮುಖ್ಯ. ಲೊರೇನ್‌ಗೆ ಅಮ್ಮನ ಮೇಲೆ ಸಿಟ್ಟಿದೆ, ಆದರೆ ಹಳೆಯ ಫೋಟೋದಲ್ಲಿ ಎಳೆ ವಯಸ್ಸಿನ ಅಮ್ಮ ಚೆಂದ ಕಾಣುತ್ತಾಳೆ ಎಂಬುದೂ ಅವಳಿಗೆ ಗೊತ್ತು. ಬಿಯಾಟ್ರಿಸ್ ಕ್ರೂರಿ. ಅವಳ ಟೀ ಅಂಗಡಿಯ ಕನಸು ಕೇಳಿದವರಿಗೆ ಮಾತ್ರ ಅವಳನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ.

ಮರುವರ್ಷ, 1969ರಲ್ಲಿ, ಇನ್ನೂ ಗಟ್ಟಿಯಾದ ಪುಸ್ತಕ ಬಂತು: 'ಮೈ ಡಾರ್ಲಿಂಗ್, ಮೈ ಹ್ಯಾಂಬರ್ಗರ್'. ಹೆಸರು ನಗು ತರಿಸುವಂಥದ್ದು. ಅದರ ಹಿಂದಿನ ಕಥೆ ಹಾಗಿಲ್ಲ. ಹುಡುಗ ದೈಹಿಕವಾಗಿ ಒತ್ತಾಯಿಸಿದರೆ ಏನು ಮಾಡಬೇಕು ಎಂದು ಹುಡುಗಿಯರು ಕೇಳಿದಾಗ, ಹೋಗಿ ಒಂದು ಹ್ಯಾಂಬರ್ಗರ್ ತಿನ್ನೋಣ ಅಂತ ಹೇಳಿ ಎನ್ನುತ್ತಾರೆ ಟೀಚರ್. ಮಕ್ಕಳ ನಿಜವಾದ ಪ್ರಶ್ನೆಗೆ ದೊಡ್ಡವರ ಪೊಳ್ಳು ಉತ್ತರ ಇಷ್ಟೇ. ಕಾದಂಬರಿಯ ಲಿಜ್ ಬಸಿರಾಗುತ್ತಾಳೆ, ಕದ್ದು ಗರ್ಭಪಾತ ಮಾಡಿಸಿಕೊಳ್ಳುತ್ತಾಳೆ. ಕದ್ದು ಯಾಕೆಂದರೆ ಆಗ ನ್ಯೂಯಾರ್ಕ್ ರಾಜ್ಯದಲ್ಲಿ ಗರ್ಭಪಾತ ಅಪರಾಧ. ಅಲ್ಲಿ ಕಾನೂನು ಬದಲಾದದ್ದು 1970ರಲ್ಲಿ, ದೇಶಾದ್ಯಂತ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1973ರಲ್ಲಿ. ಶಾಸನಸಭೆಯೂ ಕೋರ್ಟೂ ತೀರ್ಮಾನಿಸುವ ಮೊದಲೇ ಮೇಷ್ಟ್ರೊಬ್ಬರು ಹೈಸ್ಕೂಲು ಮಕ್ಕಳ ಪುಸ್ತಕದಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದರು. ಇಂಥ ಬರಹಕ್ಕೆ ಬೆಲೆ ತೆರಬೇಕಾಗುತ್ತದೆ. ಶಾಲೆಗಳಿಂದ, ಲೈಬ್ರರಿಗಳಿಂದ ಈ ಪುಸ್ತಕ ತೆಗೆಯಿರಿ ಎಂಬ ಕೂಗು ಅವರನ್ನು ಬಿಡಲಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಆಕ್ಷೇಪಣೆ ಎದುರಿಸಿದ 100 ಪುಸ್ತಕಗಳ ಪಟ್ಟಿಯಲ್ಲಿ 'ದಿ ಪಿಗ್‌ಮ್ಯಾನ್' ಇತ್ತು. ಅಂದರೆ ಪ್ರಕಟವಾಗಿ ಕಾಲು ಶತಮಾನ ಕಳೆದ ಮೇಲೂ. ಅದೇ ಹೊತ್ತಿಗೆ ಎಷ್ಟೋ ಶಾಲೆಗಳಲ್ಲಿ ಅದನ್ನೇ ಪಾಠವಾಗಿ ಓದಿಸುತ್ತಲೂ ಇದ್ದರು.

1969ರಲ್ಲಿ ಅವರು ಮೇಷ್ಟ್ರ ಕೆಲಸ ಬಿಟ್ಟರು. ಮುಂದಿನ ದಶಕ ಬ್ರಾಡ್‌ವೇ, ಹಾಲಿವುಡ್ ಎಂದು ಓಡಿತು. 'ಆ್ಯಂಡ್ ಮಿಸ್ ರಿಯರ್ಡನ್ ಡ್ರಿಂಕ್ಸ್ ಎ ಲಿಟಲ್' 1971ರಲ್ಲಿ ಬ್ರಾಡ್‌ವೇಗೆ ಬಂತು. ನಂತರದ ನಾಟಕಗಳಿಗೆ ಮೊದಲಿನ ಭಾಗ್ಯ ಸಿಗಲಿಲ್ಲ. ಚಿತ್ರಕಥೆಗಾರನಾಗಿ 1972ರಲ್ಲಿ ಬಾರ್ಬ್ರಾ ಸ್ಟ್ರೈಸೆಂಡ್ ನಟಿಸಿದ 'ಅಪ್ ದ ಸ್ಯಾಂಡ್‌ಬಾಕ್ಸ್', 1974ರಲ್ಲಿ 'ಮೇಮ್' ಬರೆದರು. 1985ರ 'ರನ್‌ಅವೇ ಟ್ರೈನ್' ಚಿತ್ರಕಥೆಯಲ್ಲೂ ಅವರ ಪಾಲಿದೆ. ಅದರ ಮೂಲ ಜಪಾನಿನ ಅಕಿರಾ ಕುರೋಸಾವಾ ಬರೆದದ್ದು. ಇವೆಲ್ಲ ಕೆಲಸಗಾರನೊಬ್ಬನ ಒಳ್ಳೆಯ ಕೆಲಸ. ಜಿಂಡೆಲ್ ಎಂಬ ಬರಹಗಾರ ಇದ್ದದ್ದು ಬೇರೆ ಕಡೆ.

ಕಾದಂಬರಿಗಳು ನಿಲ್ಲಲಿಲ್ಲ. ವಿಚಿತ್ರ ಹೆಸರುಗಳ ಚಟವೂ ನಿಲ್ಲಲಿಲ್ಲ: 'ಪಾರ್ಡನ್ ಮಿ, ಯು ಆರ್ ಸ್ಟೆಪಿಂಗ್ ಆನ್ ಮೈ ಐಬಾಲ್!' (1976), 'ಕನ್ಫೆಶನ್ಸ್ ಆಫ್ ಎ ಟೀನೇಜ್ ಬಬೂನ್' (1977). ಈ ಎರಡನೆಯದರಲ್ಲಿ ಮತ್ತೆ ನರ್ಸ್ ತಾಯಿ, ಮತ್ತೆ ಪರರ ಮನೆಗಳಲ್ಲಿ ಅಲೆಯುವ ಮಗ. ಅದೇ ಕಥೆಯನ್ನು 1989ರಲ್ಲಿ 'ಆ್ಯಮ್ಯುಲೆಟ್ಸ್ ಅಗೇನ್ಸ್ಟ್ ದ ಡ್ರ್ಯಾಗನ್ ಫೋರ್ಸಸ್' ಎಂಬ ನಾಟಕವಾಗಿ ತಿರುಗಿ ಬರೆದರು. ನಾಟಕದಿಂದ ಕಾದಂಬರಿಗೆ, ಕಾದಂಬರಿಯಿಂದ ನಾಟಕಕ್ಕೆ. 1992ರ 'ದಿ ಪಿಗ್‌ಮ್ಯಾನ್ ಆ್ಯಂಡ್ ಮಿ' ಆತ್ಮಕಥನ. ಹುಡುಗನಾಗಿದ್ದಾಗ ಸ್ಟೇಟನ್ ಐಲ್ಯಾಂಡಿನ ಟ್ರಾವಿಸ್ ಎಂಬಲ್ಲಿ ಇನ್ನೊಂದು ಕುಟುಂಬದ ಜೊತೆ ಮನೆ ಹಂಚಿಕೊಂಡಿದ್ದ ದಿನಗಳು ಅದರಲ್ಲಿವೆ. ಆ ಕುಟುಂಬದ ಇಟಾಲಿಯನ್ ಅಜ್ಜ ನೋನೋ ಫ್ರ್ಯಾಂಕಿ ತೋಟ ಮಾಡುತ್ತ, ನಗಿಸುತ್ತ ಬದುಕುವುದು ಹೇಗೆಂದು ಹೇಳಿಕೊಟ್ಟವರು. ಪಿನ್ಯಾಟಿ ಎಲ್ಲಿಂದ ಬಂದ ಎಂದು ತಿಳಿಯಬೇಕಾದವರು ಅದನ್ನು ಓದಬೇಕು. ಕೊನೆಯ ವರ್ಷಗಳಲ್ಲಿ 'ಲಾಕ್', 'ರ‍್ಯಾಟ್ಸ್' ಎಂದು ರಾಕ್ಷಸ ಪ್ರಾಣಿಗಳ, ಬೆಚ್ಚಿಬೀಳಿಸುವ ಕಥೆಗಳನ್ನೂ ಬರೆದರು. ಪುಸ್ತಕ ಮುಟ್ಟದ ಹುಡುಗರ ಕೈಗೂ ಸಿಗುವಂಥವು. ನನಗೆ ಅವು ಅಷ್ಟಾಗಿ ಹಿಡಿಸಲಿಲ್ಲ, ಆದರೆ ಯಾರಿಗಾಗಿ ಬರೆದರು ಎಂಬುದರಲ್ಲಿ ಮೇಷ್ಟ್ರು ಕಾಣುತ್ತಾರೆ.

2002ರಲ್ಲಿ ಹದಿಹರೆಯದವರ ಸಾಹಿತ್ಯಕ್ಕೆ ಜೀವಮಾನದ ಕೊಡುಗೆ ಕೊಟ್ಟವರಿಗೆ ಸಲ್ಲುವ ಮಾರ್ಗರೆಟ್ ಎಡ್ವರ್ಡ್ಸ್ ಪ್ರಶಸ್ತಿ ಅವರಿಗೆ ಬಂತು. ಕೊಡುವವರು ಲೈಬ್ರರಿಯವರು. ಈ ಪ್ರಶಸ್ತಿ ಕೊಡುವಾಗ ಯಾವ ಯಾವ ಕೃತಿಗಳಿಗಾಗಿ ಎಂದು ಹೆಸರಿಸುತ್ತಾರೆ. ಪಿಗ್‌ಮ್ಯಾನ್ ಸರಣಿ ಅದರಲ್ಲಿತ್ತು, ಹ್ಯಾಂಬರ್ಗರ್ ಇತ್ತು. ಅವುಗಳ ಜೊತೆಗೆ ದೊಡ್ಡವರಿಗೆಂದು ಬರೆದ, ದೊಡ್ಡವರ ಪುಲಿಟ್ಜರ್ ಪಡೆದ ಆ ಚೆಂಡುಹೂವಿನ ನಾಟಕವೂ ಇತ್ತು. ಜೊಲೊಟೊವ್ ಟಿವಿ ಮುಂದೆ ಕೂತು ಕಂಡದ್ದನ್ನು ಸುಮಾರು ಮೂವತ್ತಾರು ವರ್ಷದ ನಂತರ ಲೈಬ್ರರಿಯವರು ಅಧಿಕೃತವಾಗಿ ಒಪ್ಪಿಕೊಂಡ ಹಾಗಾಯಿತು. ಮರುವರ್ಷ, 2003ರ ಮಾರ್ಚ್ 27ರಂದು, ಕ್ಯಾನ್ಸರಿನಿಂದ ಜಿಂಡೆಲ್ ತೀರಿಕೊಂಡರು. 66 ವರ್ಷ. ಮಗಳು ಲಿಜಬೆತ್ ಜಿಂಡೆಲ್ ಕೂಡ ಹದಿಹರೆಯದವರಿಗಾಗಿ ಕಾದಂಬರಿ ಬರೆದಿದ್ದಾರೆ.

ಓದಲು ಹೊರಡುವವರಿಗೆ ಒಂದು ಮಾತು. 'ದಿ ಪಿಗ್‌ಮ್ಯಾನ್' ತೆಳ್ಳನೆಯ ಪುಸ್ತಕ, ಇಂಗ್ಲಿಷ್ ಸಲೀಸು, ಒಂದು ಭಾನುವಾರ ಸಾಕು. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದರೆ ಒಬ್ಬರೇ ಓದಬೇಡಿ. ಮೊದಲ ಅಧ್ಯಾಯ ಜಾನ್‌ದು, ಎರಡನೆಯದು ಲೊರೇನ್‌ದು. ಒಂದನ್ನು ನೀವು, ಇನ್ನೊಂದನ್ನು ಅವರು, ಗಟ್ಟಿಯಾಗಿ ಓದಿ. @#$% ಬಂದಾಗ ಏನು ಹೇಳುವುದು ಎಂಬುದನ್ನು ಮಕ್ಕಳಿಗೇ ಬಿಡಿ.